ಇಂಗ್ಲೀಷಿನ ಬಾಲ ಮತ್ತು ವಜ್ರಳ್ಳಿಯ ಸೊಸೆ

ಡಾಕ್ಟರಮ್ಮ ಮಾತು ಶುರುವಿಟ್ಟುಕೊಂಡರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಅವರೇನೂ ಕೆಟ್ಟವರಲ್ಲ. ವಿಲಾಯತಿಯಿಂದ ಬಂದು ಶಿರಸಿಯಲ್ಲಿ ಹೆಂಗಸರ ದವಾಖಾನೆ ನಡೆಸುತ್ತಿದ್ದರು. ಪಾಳಿ ಹಾಕಿಕೊಂಡು ಮೋಟಾರಿನಲ್ಲಿ ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಹೋಗಿ ಬರುತ್ತಿದ್ದರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು "ಬಾ", "ಕೂಡು", "ನೋವು", ಇಷ್ಟೇ. ಅವರ ಮಾತನ್ನು ರೋಗಿಗೆ, ರೋಗಿಯ ಮಾತನ್ನು ಅವರಿಗೆ ದಾಟಿಸುವುದು ನನ್ನ ಕೆಲಸ. ನಾನು ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯ ಮಗಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದವಳು, ನಾಲ್ಕಕ್ಷರ ಇಂಗ್ಲೀಷ್ ಬರುತ್ತದೆ ಅನ್ನುವ ಧೈರ್ಯದ ಮೇಲೆ ಈ ಕೆಲಸಕ್ಕೆ ಬಂದಿದ್ದೆ.

ಆ ಧೈರ್ಯ ಮೊದಲ ವಾರವೇ ಮಣ್ಣುಪಾಲಾಯಿತು. ನಾನು ಕಲಿತದ್ದು ಪುಸ್ತಕದ ಇಂಗ್ಲೀಷು. ದೊಡ್ಡ ದೊಡ್ಡ ಶಬ್ದ ಬಂದರೆ ಹೇಗೋ ಸಂಭಾಳಿಸುತ್ತಿದ್ದೆ. ಆದರೆ ಈ ಪುಣ್ಯಾತ್ಗಿತ್ತಿ ದೊಡ್ಡ ಶಬ್ದ ಆಡುತ್ತಲೇ ಇರಲಿಲ್ಲ! ಗಿವ್, ಟೇಕ್, ಪುಟ್, ಕಮ್, ಇಂಥ ಪುಟಗೋಸಿ ಶಬ್ದಗಳನ್ನೇ ಹಿಡಿದು ಅವುಗಳ ಹಿಂದೆ ಅಪ್ಪೋ ಡೌನೋ ಆಫೋ ಔಟೋ ಏನಾದರೊಂದು ಬಾಲ ಅಂಟಿಸಿ ಬಿಡುವವರು. ಗಿವ್ ಅಂದರೆ ಕೊಡು. ಅಪ್ ಅಂದರೆ ಮೇಲೆ. ಎರಡೂ ಗೊತ್ತು. ಗಿವ್ ಅಪ್ ಅಂದರೆ ಮೇಲೆ ಕೊಡುವುದೇ? ಅಲ್ಲವಂತೆ, ಕೈಬಿಡುವುದಂತೆ. ಪುಟ್ ಔಟ್ ಅಂದರೆ ದೀಪ ಆರಿಸುವುದು, ಪುಟ್ ಆಫ್ ಅಂದರೆ ಮುಂದೂಡುವುದು, ಪುಟ್ ಅಪ್ ವಿತ್ ಅಂದರೆ ಸಹಿಸಿಕೊಂಡಿರುವುದು. ಇವುಗಳನ್ನು ಹುಟ್ಟಿಸಿದವರಿಗೆ ಏನು ಬಂದಿತ್ತೋ ಅಂತ ಎಷ್ಟೋ ಸಲ ಶಪಿಸಿದ್ದೇನೆ.

ಸಿದ್ದಾಪುರದ ಪಾಳಿಯಲ್ಲಿ ಒಮ್ಮೆ ಜ್ವರದ ಹೆಂಗಸೊಬ್ಬಳು ಬಂದಿದ್ದಳು. ಅಟ್ಟದ ಮೇಲಿನ ಕೋಣೆಯಲ್ಲಿ ತಪಾಸಣೆ ನಡೆದಿತ್ತು. ಅವಳು ಏನಾದರೂ ಬ್ರಾಟ್ ಅಪ್ ಮಾಡಿದ್ದಾಳೆಯೇ ಕೇಳು ಅಂದರು ಡಾಕ್ಟರಮ್ಮ. ನಾನು ಕೇಳಿದೆ, "ಏನಾದ್ರೂ ಮ್ಯಾಲೆ ತಂದೀಯೇನಬೇ?" ಅವಳು ಪಾಪ, ನಾಚಿಕೊಂಡು, "ಬಾಳೆಗೊನೆ ತಂದಿದ್ದೆ ಅಮ್ಮಾ, ಕೆಳಗೇ ಇಟ್ಟಿದ್ದೆ" ಅಂದಳು. ಅದನ್ನೇ ಹೇಳಿದೆ. ಅವರು ಕೇಳಿದ್ದು ಏನಾದರೂ ಕಕ್ಕಿದ್ದಾಳೆಯೇ ಅಂತ. ವಾಂತಿಯಲ್ಲಿ ಬಾಳೆಗೊನೆ ಬಂದದ್ದು ಕೇಳಿ ಡಾಕ್ಟರಮ್ಮ ನಗಲಿಲ್ಲ. ನನ್ನನ್ನು ಮೂಲೆಗೆ ಕರೆದು, ಮೆಲ್ಲನೆ, ನನಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಊಹೆ ಮಾಡಬೇಡ. ನಿನ್ನ ಊಹೆಗೆ ಒಂದು ದಿನ ಯಾರಾದರೂ ಸಾಯುತ್ತಾರೆ. ಬೈದಿದ್ದರೆ ಅತ್ತು ಮರೆಯುತ್ತಿದ್ದೆ. ಮೆಲ್ಲಗೆ ಹೇಳಿದ್ದು ಎದೆಯಲ್ಲಿ ಕೂತುಬಿಟ್ಟಿತು.

ನನ್ನನ್ನು ಕಾಪಾಡಿದವರು ದವಾಖಾನೆಯ ಕಂಪೌಂಡರ್. ಶಿರಸಿಯ ಮುಸಲ್ಮಾನರ ಮನೆಯ ಹಿರಿಯರು, ಮೊದಲ ದೊಡ್ಡ ಯುದ್ಧದಲ್ಲಿ ಪಲ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಗೋರಾ ಸಿಪಾಯಿಗಳ ಬೈಗುಳ ತಿಂದು ಇಂಗ್ಲೀಷ್ ಕಲಿತವರು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಔಷಧ ಕೊಟ್ಟು ಮುಗಿದ ಮೇಲೆ ಖಾಲಿ ಬಾಟ್ಲಿಗಳನ್ನು ಮೇಜಿನ ಮೇಲೆ ಇಟ್ಟು ಪಾಠ ಶುರು ಮಾಡುತ್ತಿದ್ದರು. "ಪುಟ್ ಡೌನ್" ಅಂದರೆ ನಾನು ಕೆಳಗಿಡಬೇಕು. "ಪುಟ್ ಅವೇ" ಅಂದರೆ ಕಪಾಟಿನೊಳಗೆ. "ಪುಟ್ ಬ್ಯಾಕ್" ಅಂದರೆ ಮೊದಲಿದ್ದ ಜಾಗಕ್ಕೆ. ತಪ್ಪಿದರೆ, "ಅರೇ ಬೇಟಿ, ತಲೆ ಹಿಡಿದು ಏನು ಮಾಡ್ತಿ? ಬಾಲ ಹಿಡಿ, ಬಾಲ. ಅಂಗ್ರೇಜಿ ಮಾತಿನ ಜೀವ ಇರೋದು ಬಾಲದಾಗೆ. ಸಾಹೇಬ ಪೂರಾ ಹೇಳೋ ತನಕ ಹಲ್ಲು ಕಚ್ಚಿ ನಿಂತ್ಕೋ" ಅನ್ನುವರು. ಥ್ರೋ ಅಪ್ ಅಂದರೆ ಕಕ್ಕುವುದು ಅಂತ ತೋರಿಸಲು ಅವರು ಬಕೆಟ್ಟಿನ ಮುಂದೆ ಬಗ್ಗಿ ಮಾಡಿದ ಸೋಗು ನೋಡಿ ದವಾಖಾನೆಯ ಆಯಾ ಓಡಿಬಂದು ನಿಂಬೆಹಣ್ಣು ಕೊಟ್ಟಿದ್ದಳು.

ಪಾಸ್ ಔಟ್ ಅಂದರೆ ಎಚ್ಚರ ತಪ್ಪುವುದು, ಕಮ್ ರೌಂಡ್ ಅಂದರೆ ಎಚ್ಚರವಾಗುವುದು, ಪಾಸ್ ಅವೇ ಅಂದರೆ ತೀರಿಹೋಗುವುದು. ಒಂದೇ ಪಾಸ್, ಬಾಲ ಬದಲಾದರೆ ಮನುಷ್ಯ ಇದ್ದಾನೋ ಸತ್ತಿದ್ದಾನೋ ಬದಲಾಗುತ್ತದೆ. ಇದು ತಿಳಿದ ಮೇಲೆ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಬಾಯಿಪಾಠ ಮಾಡಿದರೂ ಬೆಳಗಾದರೆ ಕಲಸಿಹೋಗುತ್ತಿತ್ತು. ಒಂದು ದಿನ ಆಯಾ ಬೋಗುಣಿ ಬೀಳಿಸಿ, "ಒಡದ್ ಹೋತ್ರಿ ಅಕ್ಕಾರ" ಅಂತ ಅಳುತ್ತ ಬಂದಳು. ಒಡೆದದ್ದು ಸರಿ, ಹೋಗಿದ್ದೆಲ್ಲಿಗೆ? ತುಂಡುಗಳು ಅಲ್ಲೇ ಬಿದ್ದಿವೆ. ನಾನು ಪೊರಕೆ ಹಿಡಿದು ನಿಂತಲ್ಲೇ ನಿಂತೆ. ನಾವೂ ಇದನ್ನೇ ಮಾಡುತ್ತೇವಲ್ಲ! ಓದಿಬಿಡು ಅಂತೇವೆ, ಯಾರೂ ಏನನ್ನೂ ಬಿಡುವುದಿಲ್ಲ. ತಿಂದುಹಾಕು ಅಂತೇವೆ, ಯಾರೂ ಏನನ್ನೂ ಹಾಕುವುದಿಲ್ಲ. ನಮ್ಮ ಮಾತಿಗೂ ಬಾಲ ಇದೆ, ಹುಟ್ಟಿದಾಗಿನಿಂದ ಆಡಿ ಆಡಿ ನಮಗೆ ಕಾಣುವುದಿಲ್ಲ, ಅಷ್ಟೇ. ಅವತ್ತಿನಿಂದ ಬಿಡಿಸಿ ಅರ್ಥ ಹುಡುಕುವುದನ್ನು ನಿಲ್ಲಿಸಿದೆ. ಇಡೀ ಮಾತನ್ನು ಒಂದೇ ತುತ್ತಿಗೆ ನುಂಗತೊಡಗಿದೆ. ಹೆದರಿಕೆ ಹೋಗಲಿಲ್ಲ, ಆದರೆ ಕೆಲಸ ಸಾಗುವಷ್ಟಾಯಿತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಯಲ್ಲಾಪುರದ ಪಾಳಿ ಮುಗಿಸಿ, ಬೆಳಗ್ಗೆ ಅಂಕೋಲೆಯ ರಸ್ತೆ ಹಿಡಿದಿದ್ದೆವು. ಘಟ್ಟದ ಕೆಳಗೆ ಜಿಲ್ಲೆಯ ದೊಡ್ಡ ಡಾಕ್ಟರ್ ಸಾಹೇಬರನ್ನು ಕಾಣುವುದಿತ್ತು, ಡಾಕ್ಟರಮ್ಮ ಅವಸರದಲ್ಲಿದ್ದರು. ವಜ್ರಳ್ಳಿಗೆ ತಿರುಗುವಲ್ಲಿ ಒಬ್ಬ ಯುವಕ ರಸ್ತೆಗೇ ಅಡ್ಡ ನಿಂತು ಕೈಮುಗಿದ. ಹೆಂಡತಿಗೆ ಎಂಟು ತಿಂಗಳು, ಚೊಚ್ಚಲು, ನಿನ್ನೆಯಿಂದ ಒಂದೇ ಸಮ ವಾಂತಿ, ಒಮ್ಮೆ ನೋಡಿಹೋಗಿ ಅಂದ. ಮೋಟಾರು ತಿರುಗಿಸಿದೆವು.

ನಾವು ಒಳಮನೆಗೆ ಬರುವುದು ಬೇಡವೆಂದು ಹುಡುಗಿಯನ್ನು ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಹದಿನಾರೋ ಹದಿನೇಳೋ ಇರಬೇಕು. ಮುಖ ಊದಿಕೊಂಡಿತ್ತು. ಅವಳ ತಲೆಯ ಬಳಿ ಅತ್ತೆ ಗಟ್ಟಿಯಾಗಿ ಕೂತಿದ್ದರು. ಡಾಕ್ಟರಮ್ಮ ಬೆನ್ನು ತಿರುಗಿಸಿ ಕೈ ತೊಳೆಯುತ್ತಲೇ ಪ್ರಶ್ನೆ ಕೇಳತೊಡಗಿದರು. ವಾಂತಿ ಯಾತರಿಂದ?

"ಪಿತ್ತ. ಮಾವಿನಕಾಯಿ ತಿಂದಿದ್ದು ಈ ಕೂಸು. ಹೇಳಿದ್ರೆ ಕೇಳ್ತಿಲ್ಲೆ" ಅಂದರು ಅತ್ತೆ.

ನಾನು ದಾಟಿಸಿದೆ. ತಲೆನೋವು ಇದೆಯೇ?

"ಇಲ್ಲೆ."

ಕಣ್ಣು ಮಂಜಾಗುತ್ತದೆಯೇ? ಕಣ್ಣಮುಂದೆ ಮಿಂಚು, ಕಿಡಿ?

"ಎಂತದೂ ಇಲ್ಲೆ. ಸಮಾ ಇದ್ದು."

ಮೂತ್ರ ಪರೀಕ್ಷೆಗೆ ಬೇಕು ಅಂದರೆ, ಈಗಷ್ಟೇ ಹೋಗಿಬಂತು ಅಂದರು ಅತ್ತೆ. ಪ್ರತಿಯೊಂದನ್ನೂ ನಾನು, ಇಲ್ಲವಂತೆ ಮೇಡಂ, ಇಲ್ಲವಂತೆ ಮೇಡಂ ಅಂತ ಇಂಗ್ಲೀಷಿನಲ್ಲಿ ಒಪ್ಪಿಸಿದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ಕಾಲಿನ ಬಾವು ಒತ್ತಿ ನೋಡಿದರು, ಗಡಿಯಾರ ನೋಡಿದರು. ಇಟ್ ವಿಲ್ ವೇರ್ ಆಫ್ ಅಂದರು. ಕ್ರಮೇಣ ಇಳಿದುಹೋಗುತ್ತದೆ ಅಂತ ನನಗೆ ಥಟ್ಟನೆ ಅರ್ಥವಾಯಿತು, ಒಳಗೊಳಗೇ ಬೀಗಿದೆ ಕೂಡ. ನಾಳೆ ವಾಪಸು ಬರುವಾಗ ಲುಕ್ ಇನ್ ಮಾಡುತ್ತೇನೆ ಅಂದರು. ಅದೂ ಅರ್ಥವಾಯಿತು, ಒಮ್ಮೆ ಹೊಕ್ಕು ನೋಡಿಹೋಗುವುದು. ಒಂದು ಪುಡಿ ಕೊಟ್ಟು ಚೀಲ ಮುಚ್ಚತೊಡಗಿದರು.

ಪುಡಿ ಕುಡಿಸಲೆಂದು ನಾನು ನೀರಿನ ತಂಬಿಗೆ ಹಿಡಿದೆ. ಹುಡುಗಿ ಕೈಚಾಚಿದಳು. ಕೈ ತಂಬಿಗೆಯ ಪಕ್ಕಕ್ಕೆ ಹೋಗಿ ಗಾಳಿ ಹಿಡಿಯಿತು. ಇನ್ನೊಮ್ಮೆ ಚಾಚಿದಳು, ಮತ್ತೆ ಗಾಳಿ. ಕಣ್ಣಿಗೆ ಏನೂ ಆಗಿಲ್ಲ ಅಂತ ಈಗಷ್ಟೇ ದಾಟಿಸಿದ್ದೆನಲ್ಲ!

ಈ ಹುಡುಗಿ ನಾವು ಬಂದಾಗಿನಿಂದ ತುಟಿ ಎರಡು ಮಾಡಿಲ್ಲ. ತಲೆ ಇವಳದು, ಉತ್ತರ ಎಲ್ಲ ಅತ್ತೆಯದು. ಮೂರೂ ತಾಲೂಕಿನಲ್ಲಿ ನಾವು ಹೋದ ಮನೆಗಳಲ್ಲೆಲ್ಲ ಇದೇ ಪದ್ಧತಿ. ಸೊಸೆಯ ನೋವನ್ನು ಅತ್ತೆ ಹೇಳುತ್ತಾಳೆ, ಅತ್ತೆಯ ಎದುರು ಸೊಸೆ ನೋವು ಅಂತ ಬಾಯಿ ಬಿಡುವುದಿಲ್ಲ. ನಾನೂ ಹಾಗೇ ಬಾಳಿದವಳು, ನನಗೆ ಅದರಲ್ಲಿ ಏನೂ ವಿಶೇಷ ಕಂಡಿರಲೇ ಇಲ್ಲ. ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದ, ಕನ್ನಡ ಬಾರದ ಡಾಕ್ಟರಮ್ಮನಿಗೆ ಯಾವ ದನಿ ಯಾರದು ಅಂತ ಹೇಗೆ ತಿಳಿಯಬೇಕು? ರೋಗಿಯೇ ಹೇಳುತ್ತಿದ್ದಾಳೆ ಅಂದುಕೊಂಡು ಅವರು ಹೊರಟಿದ್ದರು.

ಹೇಳಬೇಕು ಅಂತ ನಾಲಿಗೆ ಎತ್ತಿದರೆ ಏಳುತ್ತಿಲ್ಲ. ಅಪ್ಪಾ, ಎಷ್ಟು ಹೆದರಿದ್ದೆ! ನನ್ನ ಅನುಮಾನ ಸುಳ್ಳಾದರೆ? ಇನ್ನೊಂದು ಬಾಳೆಗೊನೆಯಾದರೆ? ಅವಸರದ ಹೊತ್ತಿನಲ್ಲಿ ತಡೆದದ್ದಕ್ಕೆ ಡಾಕ್ಟರಮ್ಮ ಅಣ್ಣನ ಮನೆಗೆ ಕಳಿಸಿಬಿಟ್ಟರೆ? ಹೊರಗೆ ಜಗಲಿಯಲ್ಲಿ ಮನೆಯ ಗಂಡಸರು ಕೂತಿದ್ದಾರೆ. "ಹರಿ ಅಪ್" ಅಂದರು ಡಾಕ್ಟರಮ್ಮ. ಕಲಿತ ಇಂಗ್ಲೀಷೆಲ್ಲ ಉದುರಿಹೋಗಿ, ಬಾಲವೂ ಇಲ್ಲದ ತಲೆಯೂ ಇಲ್ಲದ ಮಾತು ನನ್ನ ಬಾಯಿಂದ ಬಿತ್ತು: "ನಾಟ್ ಶೀ, ಮೇಡಂ. ಮದರ್-ಇನ್-ಲಾ ಸೇ. ಗರ್ಲ್ ನಥಿಂಗ್ ಸೇ."

ಡಾಕ್ಟರಮ್ಮ ಚೀಲ ಬಿಟ್ಟು ತಿರುಗಿದರು. ಹುಡುಗಿಯನ್ನು ನೋಡಿದರು, ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಕೇಳು, ಅವಳನ್ನೇ ಕೇಳು ಅಂದರು.

ನಾನು ಅತ್ತೆಗೆ ಕೈಮುಗಿದೆ. "ಅಮ್ಮಾರ, ನೀವೊಂದೀಟು ಹೊರಗ ಹೋಗಬೇಕ್ರಿ."

"ಎಂತಕ್ಕೆ? ಆ ಕೂಸಿಗೆ ಎಂತ ಗೊತ್ತಿದ್ದು? ಯನ್ನ ಕೇಳಿ, ಆನು ಹೇಳ್ತೆ."

"ಇಲ್ರಿ, ನಿಮ್ಮ ಸೊಸೀನೇ ಹೇಳಬೇಕ್ರಿ."

ಅವರ ಮುಖ ಕೆಂಪಾಯಿತು. "ಹಣೆ ಮೇಲೆ ಕುಂಕುಮ ಇಲ್ಲದವಳು ಬಸುರಿ ಕೋಣೆಗೆ ಬಂದಿದ್ದೇ ಹೆಚ್ಚಾತು. ಈಗ ಯನ್ನೇ ಹೊರಗೆ ಕಳಿಸ್ತ್ಯನೇ?"

ಆ ಮಾತು ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ. ಕಣ್ಣಲ್ಲಿ ನೀರು ಬಂತು. ಆದರೆ ಅದರ ಜೊತೆಗೇ ಸಿಟ್ಟೂ ಬಂತು, ಸಿಟ್ಟು ಬಂದದ್ದೇ ಒಳ್ಳೆಯದಾಯಿತು. ಕೋಣೆಯ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. "ನೀವು ಹೊರಗ ಹೋಗೋಮಟ ನಾ ಬಾಯಿ ತಗಿಯಂಗಿಲ್ರಿ. ಅವರ ಮಾತು ನಿಮಗ ಹೇಳಂಗಿಲ್ಲ, ನಿಮ್ಮ ಮಾತು ಅವರಿಗೆ ಹೇಳಂಗಿಲ್ಲ. ಏನ್ ಮಾಡ್ತೀರಿ ಮಾಡ್ರಿ."

ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡಿದರು. ಕಡೆಗೆ ಬಾಗಿಲಾಚೆಯಿಂದ ಹುಡುಗಿಯ ಗಂಡ, "ಆಯಿ, ಈಚೆಗೆ ಬಾ" ಅಂದ. ಅತ್ತೆ ಎದ್ದು ಹೋದರು. ಡಾಕ್ಟರಮ್ಮ ತಾವೇ ಬಾಗಿಲು ಹಾಕಿದರು.

ಅತ್ತೆ ಹೋದರೂ ಹುಡುಗಿ ಬಾಯಿ ಬಿಡಲಿಲ್ಲ. ನಾನು ಅವಳ ಕೈ ಹಿಡಿದೆ. "ತಂಗೀ, ತಲಿ ನೋಯ್ತದೇನವಾ? ನನ್ನ ಮುಂದ ಹೇಳು." ಅವಳ ಕಣ್ಣಿಂದ ಬಳಬಳ ನೀರು ಇಳಿಯಿತು. "ಅತ್ತೆಗೆ ಹೇಳಬ್ಯಾಡಿ. ತಲೆ ಒಡೆದು ಹೋಗ್ತಾ ಇದ್ದು. ಎಲ್ಲಾ ಎರಡೆರಡು ಕಾಣ್ತು. ನಿಂಗವೂ ಇಬ್ರು ಇದ್ದಿ" ಅಂದಳು.

ಇದನ್ನು ದಾಟಿಸುವಷ್ಟರಲ್ಲಿ ಡಾಕ್ಟರಮ್ಮ ಸ್ಪಿರಿಟ್ ದೀಪ ಹಚ್ಚಿ ಆಗಿತ್ತು. ಒಂದು ಬಟ್ಟಲಲ್ಲಿ ಸ್ವಲ್ಪವೇ ಮೂತ್ರ ಸಿಕ್ಕಿತು. ಗಾಜಿನ ನಳಿಗೆಯಲ್ಲಿ ಹಾಕಿ, ಮೇಲ್ಭಾಗವನ್ನು ಮಾತ್ರ ದೀಪಕ್ಕೆ ಹಿಡಿದು ಕಾಯಿಸಿ, ಎರಡು ಹನಿ ಹುಳಿ ದ್ರಾವಣ ಬಿಟ್ಟರು. ತಿಳಿಯಾಗಿಯೇ ಇದ್ದರೆ ಭಯವಿಲ್ಲ. ಇದು ಹಾಲು ಒಡೆದ ಹಾಗೆ ಬೆಳ್ಳಗೆ ಗಟ್ಟಿಯಾಗಿಬಿಟ್ಟಿತು. ಡಾಕ್ಟರಮ್ಮನ ಮುಖ ನೋಡಿದೆ. ಅವರೂ ಹೆದರಬಲ್ಲರು ಅಂತ ನನಗೆ ಅವತ್ತೇ ತಿಳಿದದ್ದು.

ಮೋಟಾರಿನಿಂದ ದೊಡ್ಡ ಪೆಟ್ಟಿಗೆ ತರಿಸಿದರು. ಇವತ್ತು ಬರಲಾಗುವುದಿಲ್ಲವೆಂದು ದೊಡ್ಡ ಸಾಹೇಬರಿಗೆ ಚೀಟಿ ಬರೆದು, ಡ್ರೈವರನನ್ನು ಅಂಕೋಲೆಗೆ ಓಡಿಸಿದರು. ಸೂಜಿಗೆ ಮದ್ದು ತುಂಬುತ್ತಿದ್ದಾಗಲೇ ಹುಡುಗಿಯ ಕಣ್ಣುಗುಡ್ಡೆ ಮೇಲೆ ಹೋಯಿತು, ದವಡೆ ಬಿಗಿಯಿತು, ಮೈಯೆಲ್ಲ ಸೆಟೆದು ಹೊಡೆದುಕೊಳ್ಳತೊಡಗಿತು. ನಾನು ಅಂಥದ್ದನ್ನು ಹಿಂದೆ ನೋಡಿರಲಿಲ್ಲ.

ಆಗ ಶುರುವಾಯಿತು ನೋಡಿ. ಟರ್ನ್ ಹರ್ ಓವರ್! ಮಗ್ಗುಲಿಗೆ ಹೊರಳಿಸಿದೆ. ಹೋಲ್ಡ್ ಆನ್! ಬಿಡದೆ ಹಿಡಿದೆ. ಲೆಟ್ ಗೋ! ಬಿಟ್ಟೆ. ಚಮಚಕ್ಕೆ ಬಟ್ಟೆ ಸುತ್ತಿ ಹಲ್ಲಿನ ನಡುವೆ ಇಟ್ಟರು. ಶಟ್ ಔಟ್ ದ ಲೈಟ್! ಹೊದಿಕೆ ಎಳೆದು ಕಿಟಕಿಗೆ ಕಟ್ಟಿದೆ. ಕೀಪ್ ದೆಮ್ ಔಟ್! ಬಾಗಿಲಿಗೆ ನುಗ್ಗುತ್ತಿದ್ದವರಿಗೆ ಎರಡೂ ಕೈ ಅಡ್ಡ ಹಿಡಿದು, ಸದ್ದು ಮಾಡಬ್ಯಾಡ್ರಿ, ಒಂದು ಸದ್ದಾದರೂ ಮತ್ತೆ ಬರ್ತದ ಅಂದೆ. ಯೋಚಿಸಲು ಹೊತ್ತಿರಲಿಲ್ಲ. ಮಾತು ಕಿವಿಗೆ ಬೀಳುವ ಮೊದಲೇ ಕೈ ಹೊರಡುತ್ತಿತ್ತು. ಚಾಚಾನ ಖಾಲಿ ಬಾಟ್ಲಿಗಳು ಅವತ್ತು ನನ್ನ ಮಾನ ಉಳಿಸಿದವು.

ಸೆಳೆತ ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹೆರಿಗೆ ನೋವು ತಾನಾಗಿಯೇ ಹಿಡಿಯಿತು. ಹುಡುಗಿಗೆ ಎಚ್ಚರವಿರಲಿಲ್ಲ. ಮಗು ಹುಟ್ಟಿತು, ಹೆಣ್ಣು, ಅಂಗೈಯಗಲ. ಅಳಲಿಲ್ಲ. ಡಾಕ್ಟರಮ್ಮ ಬಾಯಿಗೆ ಬಾಯಿಟ್ಟು ಊದಿದರು, ಬಿಸಿನೀರಿನಲ್ಲಿ ತಣ್ಣೀರಿನಲ್ಲಿ ಅದ್ದಿದರು, ಬೆನ್ನು ತಿಕ್ಕಿದರು. ಎಷ್ಟೋ ಹೊತ್ತಿನ ಮೇಲೆ ಮುಖವನ್ನೂ ಮುಚ್ಚಿ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹೊರಗೆ ತಂದೆ. ಅತ್ತೆ ಕೈಯೊಡ್ಡಿ ತೆಗೆದುಕೊಂಡರು. ನನ್ನನ್ನು ಮುಟ್ಟಿದರೆ ಏನಾಗುತ್ತದೆ ಅನ್ನುವ ಯೋಚನೆ ಆಗ ಅವರಿಗೂ ಇರಲಿಲ್ಲ.

"ಕೂಸು?" ಅಂದರು ಅವರು, ಕೋಣೆಯ ಕಡೆ ನೋಡುತ್ತ. ಸೊಸೆಯ ವಿಚಾರ ಕೇಳಿದ್ದು.

ನಾನು ಒಳಗೆ ಹೋಗಿ ಕೇಳಿದೆ. ಡಾಕ್ಟರಮ್ಮ ಹರಿದಲ್ಲಿ ಹೊಲಿಗೆ ಹಾಕುತ್ತಿದ್ದರು, ತಲೆ ಎತ್ತದೆ ಹೇಳಿದರು: ಶೀ ಮೇ ಪುಲ್ ಥ್ರೂ.

ಪುಲ್ ಥ್ರೂ! ಚಾಚಾ ಇದನ್ನು ಹೇಳಿಕೊಟ್ಟಿರಲಿಲ್ಲ. ಪುಲ್ ಅಂದರೆ ಎಳೆ. ಏನನ್ನು ಎಳೆಯುವುದು, ಎಲ್ಲಿಗೆ ಎಳೆಯುವುದು? ಯಮ ಎಳೆದುಕೊಂಡು ಹೋಗುವುದೇ? ಬಾಗಿಲಲ್ಲಿ ಗಂಡ, ಮಾವ, ಅತ್ತೆ, ನೆರೆಯವರು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಅತ್ತೆ ಮಗುವನ್ನು ಎದೆಗೆ ಅವಚಿಕೊಂಡಿದ್ದಾರೆ. ಬದುಕುತ್ತಾಳೆ ಅನ್ನಲೇ? ಇಲ್ಲ ಅನ್ನಲೇ? ಅಷ್ಟು ಜನರ ಎದುರು, ನನಗೆ ಗೊತ್ತಿಲ್ಲ ಮೇಡಂ, ಪುಲ್ ಥ್ರೂ ಅಂದರೇನು ಅಂತ ಕೇಳಿದೆ. ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳಿದೆ.

ಡಾಕ್ಟರಮ್ಮ ನನ್ನನ್ನು ನೋಡಿ, ಕೈಲಿದ್ದ ಸೂಜಿ ಎತ್ತಿ ಹಿಡಿದು, ನೂಲನ್ನು ಅದರ ಕಣ್ಣಿನಿಂದ ಮೆಲ್ಲಗೆ ಎಳೆದು ಆಚೆಗೆ ತಂದು ತೋರಿಸಿದರು. ಇಕ್ಕಟ್ಟಿನಲ್ಲಿ ತೂರಿ ಈಚೆ ಬರುವುದು. ಬದುಕುವುದು. ಬರಬಹುದು, ಖಂಡಿತ ಅಂತ ಅಲ್ಲ, ಬರಬಹುದು. ನಾನು ಹೊರಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಉಳೀಬಹುದು ಅಂತಾರ್ರಿ. ಖಾತ್ರಿ ಇಲ್ಲಂತ." ಅತ್ತೆ ಅಲ್ಲೇ ಗೋಡೆಗೆ ಒರಗಿ ಕೂತರು.

ಆ ರಾತ್ರಿ ನಾವು ಅಲ್ಲೇ ಉಳಿದೆವು. ಸೆಳೆತ ಮತ್ತೆ ಬರಲಿಲ್ಲ. ಬೆಳಗ್ಗೆ ಹೊದಿಕೆಯ ಸಂದಿಯಿಂದ ಬಿಸಿಲು ಬರುವ ಹೊತ್ತಿಗೆ ಹುಡುಗಿ ಕಣ್ಣು ತೆರೆದಳು. ಅತ್ತೆಯನ್ನು ಒಳಗೆ ಬಿಡಬಹುದು ಅಂದರು ಡಾಕ್ಟರಮ್ಮ. ಅತ್ತೆ ಬಂದು, ಮೊದಲಿನ ಹಾಗೆ ತಲೆಯ ಬಳಿ ಕೂರದೆ, ಕಾಲ ಬಳಿ ಮುದುರಿ ಕೂತರು. ಹೇಗಿದೆ ಕೇಳು ಅಂದರು ಡಾಕ್ಟರಮ್ಮ. ನಾನು ಕೇಳಿದೆ. ರೂಢಿಯಲ್ಲಿ ಅತ್ತೆಯ ಬಾಯಿ ತೆರೆಯಿತು, ತೆರೆದದ್ದು ಹಾಗೇ ಮುಚ್ಚಿತು. ಹುಡುಗಿ ನನ್ನ ಕಡೆ ನೋಡಲಿಲ್ಲ. ಅತ್ತೆಯನ್ನೇ ನೋಡಿದಳು.

"ಅತ್ತೇ, ತಲೆ ನೋಯ್ತು" ಅಂದಳು.

ಅತ್ತೆ ಮೊಣಕಾಲಲ್ಲೇ ಸರಿದು ಬಂದು ಅವಳ ಹಣೆಗೆ ಕೈಯಿಟ್ಟರು. "ಎಲ್ಲಿ ಕೂಸೇ? ಇಲ್ಲಿಯಾ?" ಅಂತ ಒತ್ತತೊಡಗಿದರು. "ಮೊನ್ನೆನೇ ಹೇಳಕಾಗಿತ್ತು" ಅಂದರು.

"ಹೇಳಲೆ ಹೆದ್ರಿಕೆ ಆತು."

ಅತ್ತೆ ಒತ್ತುವುದನ್ನು ನಿಲ್ಲಿಸಲಿಲ್ಲ. "ಯಂಗೂ ಹೆದ್ರಿಕೆನೇ ಆಗಿತ್ತು" ಅಂದರು. "ಅದ್ಕೇ ಆನು ಎಲ್ಲಾದಕ್ಕೂ ಇಲ್ಲೆ ಅಂದಿ."